ಎರಡು ಲಕ್ಷ ಕಿಲೋಮೀಟರ್ ಓಡಿದ ಕಾರು: ತಗೊಳ್ಳೋದಾ, ಬಿಡೋದಾ?

ಪರಿಚಯದವರು ಯಾರಾದರೂ ಹಳೆ ಕಾರು ನೋಡೋಕೆ ಹೊರಟರೆ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ. ಮೊದಲಿನಿಂದಲೂ ಹಳೆ ಕಾರುಗಳನ್ನೇ ಇಟ್ಟುಕೊಂಡವನು, ಅಷ್ಟೇ. ಹೋದ ತಕ್ಷಣ ಎಲ್ಲರೂ ಬಗ್ಗಿ ನೋಡುವುದು ಮೀಟರನ್ನು. ಎರಡು ಲಕ್ಷ ಅಂತ ಕಂಡರೆ ಮುಖ ಸಪ್ಪಗಾಗುತ್ತದೆ. ನಾನು ಮೊದಲು ಕೇಳುವುದು ಸರ್ವಿಸ್ ಬಿಲ್ಲು.

ಬಿಲ್ಲುಗಳಲ್ಲಿ ಸಾಮಾನ್ಯವಾಗಿ ತಾರೀಕಿನ ಜೊತೆ ಅವತ್ತಿನ ಕಿಲೋಮೀಟರನ್ನೂ ಬರೆದಿರುತ್ತಾರೆ. ಸಾಲಾಗಿ ಜೋಡಿಸಿ ನೋಡಿ. ಏರುತ್ತಾ ಬಂದ ಸಂಖ್ಯೆ ನಡುವೆ ಎಲ್ಲೋ ಇಳಿದಿದ್ದರೆ ಮೀಟರ್ ತಿರುಗಿಸಿರುವ ಅನುಮಾನ ಪಡಲೇಬೇಕು. ಬಿಲ್ಲೇ ಇಲ್ಲ ಅಂದರೆ ಕಾರನ್ನೇ ಕೇಳಬೇಕು. ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ಬೋಳಾಗಿದೆ, ಸ್ಟೇರಿಂಗ್ ನುಣ್ಣಗೆ ಹೊಳೆಯುತ್ತಿದೆ, ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚು ಕುಸಿದಿದೆ. ಮೀಟರ್ ಮಾತ್ರ ಐವತ್ತು ಸಾವಿರ ಅನ್ನುತ್ತಿದೆ. ನಾನಂತೂ ಪೆಡಲ್ಲಿನ ಮಾತನ್ನೇ ನಂಬುತ್ತೇನೆ.

ಇನ್ನು ಆ ಎರಡು ಲಕ್ಷ. ಹತ್ತು ವರ್ಷದ ಕಾರಾದರೆ ವರ್ಷಕ್ಕೆ 20,000 ಆಯಿತು. ಅದೇನೂ ಗಾಬರಿ ಬೀಳುವ ಲೆಕ್ಕ ಅಲ್ಲ. ಅದೂ ಹೆದ್ದಾರಿಯಲ್ಲೇ ಓಡಿದ್ದರೆ ಇನ್ನೂ ಒಳ್ಳೆಯದು. ಎಂಜಿನ್ ಹದವಾಗಿ ಬಿಸಿಯಾಗಿ ಒಂದೇ ಸಮ ಓಡಿರುತ್ತದೆ, ಕ್ಲಚ್ಚಿಗೆ ಕೆಲಸ ಕಡಿಮೆ. ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಆಯಿಲ್ಲಿನೊಳಗೆ ನೀರಿನಂಶ ಉಳಿಯುತ್ತದೆ. ಅಮೆರಿಕದ ಮೇಷ್ಟ್ರು ಅರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೋ ಪಿ1800 ಕಾರು 2013ರಲ್ಲಿ 30 ಲಕ್ಷ ಮೈಲಿ ಮುಟ್ಟಿತು, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್. ಎಲ್ಲರಿಗೂ ಅಷ್ಟು ಶ್ರದ್ಧೆ ಇರಲ್ಲ ಬಿಡಿ. ಆದರೂ ಬಿಲ್ಲಿರುವ ಎರಡು ಲಕ್ಷದ ಕಾರು, ಬಿಲ್ಲಿಲ್ಲದ ಎಪ್ಪತ್ತು ಸಾವಿರದ ಕಾರು ಎರಡೂ ಎದುರಿಗಿದ್ದರೆ ನಾನು ಮೊದಲನೆಯದರ ಬಾನೆಟ್ಟನ್ನೇ ಮೊದಲು ಎತ್ತಿಸುತ್ತೇನೆ.

ನೋಡೋಕೆ ಹೋಗುವ ಮೊದಲು ಮಾರುವವರಿಗೆ ಒಂದು ಮಾತು ಹೇಳಿಡಿ: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿಲಿಲ್ಲದ ಕಡೆ ನಿಂತ ಕಾರಿನ ಬಾನೆಟ್ ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಎಷ್ಟೋ ರೋಗ ಎಂಜಿನ್ ತಣ್ಣಗಿದ್ದಾಗ ಮಾತ್ರ ಕಾಣುತ್ತದೆ, ಬಿಸಿಯಾದ ಮೇಲೆ ಅಡಗಿಕೊಳ್ಳುತ್ತದೆ.

ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಒಳಮೈಗೆ ಟಾರ್ಚ್ ಬಿಡಿ. ಕಪ್ಪು ಎಣ್ಣೆ ಪಸೆ ಇದ್ದರೆ ಸರಿ. ಮಜ್ಜಿಗೆ ಕಡೆದಾಗ ಏಳುವ ನೊರೆಯಂಥ ಬೂದು ಬಿಳಿ ಲೋಳೆ ಅಂಟಿದ್ದರೆ ಆಯಿಲ್ಲಿಗೆ ನೀರು ಸೇರಿದೆ. ಚಳಿಯಲ್ಲಿ ಬರೀ ಗಿಡ್ಡ ಓಡಾಟ ಮಾಡಿದ ಕಾರಿನಲ್ಲೂ ಮುಚ್ಚಳಕ್ಕೆ ಒಂದಿಷ್ಟು ಕಟ್ಟುತ್ತದೆ, ಹಾಗಾಗಿ ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಕೂಡ ಎಳೆದು ನೋಡಿ. ಅದರಲ್ಲೂ ಹಾಗೇ ಇದ್ದರೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಒಳಗೆ ಸೋರುತ್ತಿರುವ ಸಾಧ್ಯತೆ ಜಾಸ್ತಿ. ಕೂಲಂಟ್ ಮುಚ್ಚಳವನ್ನೂ ಈಗಲೇ, ತಣ್ಣಗಿರುವಾಗಲೇ ತೆಗೆಯಬೇಕು. ಬಿಸಿ ಎಂಜಿನ್ನಿನಲ್ಲಿ ತೆಗೆದರೆ ಮುಖಕ್ಕೆ ಚಿಮ್ಮುತ್ತದೆ.

ಈಗ ಕೀ ಅರ್ಧ ತಿರುಗಿಸಿ. ಎಂಜಿನ್, ಆಯಿಲ್, ಏರ್‌ಬ್ಯಾಗ್ ಲೈಟುಗಳೆಲ್ಲ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಒಂದು ಲೈಟು ಹೊತ್ತಲೇ ಇಲ್ಲ ಅಂದರೆ ಅದನ್ನು ಯಾರೋ ಬೇಕೆಂದೇ ಕಿತ್ತಿರಬಹುದು. ಸ್ಟಾರ್ಟ್ ಮಾಡುವಾಗ ಒಬ್ಬರು ಸೈಲೆನ್ಸರ್ ಹತ್ತಿರ ನಿಂತಿರಲಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಶುರುವಿನಲ್ಲಿ ತೆಳ್ಳಗೆ ಬಿಳಿ ಆವಿ ಬಂದು ಹೋಗುವುದು ಸಹಜ. ದಟ್ಟ ಬಿಳಿ ಹೊಗೆ, ಅದೂ ಸಿಹಿ ವಾಸನೆಯದು, ನಿಲ್ಲದೆ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿದೆ.

ಓಡಿಸುವಾಗ ಸ್ಟೀರಿಯೋ ಆಫ್ ಮಾಡಿ, ಕಿಟಕಿ ಇಳಿಸಿ. ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ಒತ್ತಿ. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕಿ. ಟಕ್ ಟಕ್ ಅಂದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಸಿವಿ ಜಾಯಿಂಟ್ ಸವೆದಿದೆ. ಆಟೋಮ್ಯಾಟಿಕ್ ಆದರೆ ಡ್ರೈವ್‌ಗೂ ರಿವರ್ಸ್‌ಗೂ ಹಾಕಿದಾಗ ತಡ ಮಾಡುತ್ತದಾ, ಜಗ್ಗುತ್ತದಾ ನೋಡಿ.

ನೀರಲ್ಲಿ ಮುಳುಗೆದ್ದ ಕಾರನ್ನು ಹಿಡಿಯೋಕೆ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಹೊರಗೆಷ್ಟೇ ಪಾಲಿಶ್ ಮಾಡಿದರೂ ಸುರುಳಿಯೊಳಗಿನ ಕೆಸರಿನ ಗೆರೆ ತೊಳೆಯುವುದು ಬಹಳ ಜನಕ್ಕೆ ನೆನಪಾಗಲ್ಲ. ಸೀಟು ಜಾರುವ ಕಂಬಿಗೆ ತುಕ್ಕು ಹಿಡಿದಿದೆಯಾ, ಕಾರ್ಪೆಟ್ ಕೆಳಗೆ ಮುಗ್ಗಲು ವಾಸನೆ ಇದೆಯಾ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟೋ ಸಸ್ಪೆನ್ಷನ್ನೋ ಸರಿಯಿಲ್ಲ.

ನನ್ನ ಲೆಕ್ಕದಲ್ಲಿ ಹಳೆ ಕಾರಿನ ಖರ್ಚು ಎರಡು ಥರ. ಒಂದು ಮುಗಿಯುವ ಖರ್ಚು: ಕ್ಲಚ್, ಬ್ರೇಕ್, ಟೈರ್, ಶಾಕ್ ಅಬ್ಸಾರ್ಬರ್, ಬ್ಯಾಟರಿ. ಹಾಕಿಸಿದರೆ ವರ್ಷಗಟ್ಟಲೆ ನಿಶ್ಚಿಂತೆ. ಇವೆಲ್ಲ ಚೌಕಾಸಿಗೆ ಒಳ್ಳೆ ಸಾಮಾನು. ಇನ್ನೊಂದು ಮುಗಿಯದ ಖರ್ಚು: ಚಾಸಿಯನ್ನು (ಕಾರಿನ ಅಡಿಯ ಚೌಕಟ್ಟನ್ನು) ತಿಂದ ತುಕ್ಕು, ನೀರು ಕುಡಿದ ವೈರಿಂಗ್, ಬಿಸಿಯೇರಿ ಕೆಟ್ಟ ಎಂಜಿನ್. ಇವುಗಳಲ್ಲಿ ಒಂದು ಕಂಡರೂ ಬೆಲೆಯ ಮಾತೇ ಬೇಡ, ಟೀ ಕುಡಿದು ಬನ್ನಿ.

ಪಿಸ್ಟನ್ನಿಗೂ ವಾಲ್ವಿಗೂ ತಾಳ ತಪ್ಪದಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಮೊದಲನೇ ಗುಂಪಿನದು, ಆದರೆ ನಿರ್ಲಕ್ಷಿಸಿದರೆ ಎರಡನೆಯದಕ್ಕೆ ಹಾರುತ್ತದೆ. ಓಡುವಾಗ ಹರಿದರೆ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ಬಾಗಿಸುತ್ತದೆ. ಕಾರಿನಲ್ಲಿರುವುದು ಬೆಲ್ಟೋ ಚೈನೋ ಕೇಳಿ. ಬೆಲ್ಟಾದರೆ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅಂತ ಕಾರಿನ ಪುಸ್ತಕದಲ್ಲೇ ಇರುತ್ತದೆ. ಬದಲಾಯಿಸಿದ ಬಿಲ್ಲಿಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಎಣಿಸಿ ಆ ಖರ್ಚನ್ನು ಕಾರಿನ ಬೆಲೆಗೆ ಕೂಡಿಸಿ. ಹೀಗೆ ಎಲ್ಲ ಕೂಡಿಸಿದ ಮೊತ್ತಕ್ಕೆ ಇನ್ನೂ ಕಡಿಮೆ ಓಡಿದ ಅದೇ ಕಾರು ಸಿಗುವುದಾದರೆ ಇದು ಯಾಕೆ, ಅಲ್ವಾ?

ಇಷ್ಟೆಲ್ಲ ದಾಟಿದ ಮೇಲೆ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ನಾನು ಅಲ್ಲಿಗೇ ಕೈಬಿಡುತ್ತೇನೆ. ಕೊಂಡ ಮೇಲೆ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲಂಟ್, ಬ್ರೇಕ್ ಆಯಿಲ್ ಬದಲಾಯಿಸಿ, ಆ ಬಿಲ್ಲನ್ನು ಕಿಲೋಮೀಟರ್ ಬರೆಸಿ ಎತ್ತಿಡಿ.