ಮೊದಲ ರವಿಕೆಗೆ ಮೊದಲು ಒಂದು ಲೆಕ್ಕ

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ನಲವತ್ನಾಲ್ಕನೆಯ ವಯಸ್ಸಿನಲ್ಲಿ, 2023ರಲ್ಲಿ, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಅಂದಿನಿಂದ ಅಳತೆ ಕೊಡಲು ಬರುವ ಹೆಣ್ಣುಮಕ್ಕಳು ಒಂದೇ ಪ್ರಶ್ನೆ ಕೇಳುತ್ತಾರೆ: "ಅಕ್ಕಾ, ಇಷ್ಟು ತಿಂಗಳು ಬೇಸರ ಬಾರದಂತೆ ಹೇಗೆ ಓದಿದಿರಿ?" ಒಬ್ಬಳಿಗೆ ಬ್ಯಾಂಕ್ ಪರೀಕ್ಷೆ ಬರೆಯುವ ಆಸೆ, ಇನ್ನೊಬ್ಬಳಿಗೆ ಸ್ಕೂಟರ್ ಕಲಿಯುವ ಆಸೆ, ಮತ್ತೊಬ್ಬಳಿಗೆ ಹೆರಿಗೆಯ ನಂತರ ಏರಿದ ತೂಕ ಇಳಿಸುವ ಆಸೆ. ಬೇಸರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಸರ ಬಂದ ದಿನವೂ ಕೈ ನಿಲ್ಲದಂಥ ಗುರಿಯನ್ನು ಹೊಲಿದುಕೊಂಡಿದ್ದೆ. ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಗುರಿ ಯಾರದು ಎಂದು ನೋಡಿಕೊಳ್ಳಿ. ನಮ್ಮ ಸ್ವಸಹಾಯ ಸಂಘದಲ್ಲಿ ಹೊಲಿಗೆ ತರಬೇತಿ ಕೊಡುವವರಿಗಾಗಿ ಅರ್ಜಿ ಕರೆದಿದ್ದರು. ನಮೂನೆಯಲ್ಲಿ 'ವಿದ್ಯಾರ್ಹತೆ' ಎಂಬ ಸಾಲಿನ ಮುಂದೆ ನಾನು ಅಡ್ಡಗೆರೆ ಎಳೆದೆ. ಇಪ್ಪತ್ತು ವರ್ಷ ಹೊಲಿದ ಕೈ ಆ ಗೆರೆ ಎಳೆಯುವಾಗ ನಡುಗಿತು. ಮಗಳು ಹೇಳಿದ್ದಕ್ಕೋ, ಓದಿದವರ ನಡುವೆ ಮರ್ಯಾದೆ ಬರಲಿ ಎಂದೋ ನಾನು ಓದಿದ್ದರೆ ಎರಡನೆಯ ತಿಂಗಳಿಗೆ ಪುಸ್ತಕ ಮುಚ್ಚುತ್ತಿದ್ದೆ. ಆ ಗೆರೆಯ ಜಾಗದಲ್ಲಿ ಅಕ್ಷರ ಬರೆಯಬೇಕೆಂಬ ಹಟ ನನ್ನೊಬ್ಬಳದೇ ಆಗಿತ್ತು. ನೀವೂ ಕೇಳಿಕೊಳ್ಳಿ: ಈ ಗುರಿ ಮುಟ್ಟಿದ ಸುದ್ದಿ ಯಾರಿಗೂ ಗೊತ್ತಾಗದೇ ಹೋದರೂ ಇದು ನನಗೆ ಬೇಕೇ? ಬೇಡ ಎಂದು ಮನಸ್ಸು ಹೇಳಿದರೆ ಬೇರೆ ಗುರಿ ಹುಡುಕಿ. ಅದರಲ್ಲಿ ಅವಮಾನವೇನೂ ಇಲ್ಲ.

ಅಳತೆ ರವಿಕೆ ನಿಮ್ಮದೇ ಇರಲಿ

2019ರಲ್ಲಿ ಒಮ್ಮೆ ಓದಲು ಹೊರಟು ಮೂರೇ ವಾರಕ್ಕೆ ಬಿಟ್ಟಿದ್ದೆ. ಪಕ್ಕದ ಮನೆಯ ಹುಡುಗನ ವೇಳಾಪಟ್ಟಿಯನ್ನು ನೋಡಿ ಬರೆದುಕೊಂಡಿದ್ದೆ: ಬೆಳಿಗ್ಗೆ ಐದಕ್ಕೆ ಏಳುವುದು, ಎರಡು ಗಂಟೆ ಓದು, ರಾತ್ರಿ ಮತ್ತೆ ಎರಡು ಗಂಟೆ. ಆ ಹುಡುಗನಿಗೆ ನೀರು ಹಿಡಿಯುವ ಕೆಲಸವಿರಲಿಲ್ಲ, ಅತ್ತೆಯ ಮಾತ್ರೆಯ ಹೊತ್ತು ನೆನಪಿಡಬೇಕಿರಲಿಲ್ಲ. ಅಕ್ಕನ ಅಳತೆ ರವಿಕೆ ತಂದು ತಂಗಿಗೆ ಹೊಲಿಸಿದರೆ ಹೇಗೆ ಕೂರುತ್ತದೆಯೋ ನನ್ನ ವೇಳಾಪಟ್ಟಿಯೂ ಹಾಗೆಯೇ ಕೂತಿತು.

2022ರ ಜೂನ್‌ನಲ್ಲಿ ಎರಡನೆಯ ಸಲ ಶುರು ಮಾಡಿದಾಗ ಮೊದಲ ವಾರ ಪುಸ್ತಕ ತೆರೆಯಲೇ ಇಲ್ಲ. ಬಿಲ್ ಪುಸ್ತಕದ ಹಿಂಬದಿಯಲ್ಲಿ ಏಳು ದಿನ ನನ್ನ ಹೊತ್ತೆಲ್ಲ ಎಲ್ಲಿ ಹೋಗುತ್ತಿದೆ ಎಂದು ಬರೆದೆ. ರಾತ್ರಿ ಒಂಬತ್ತರ ನಂತರ ನನ್ನ ಕಣ್ಣು ಸೂಜಿಯ ತೂತನ್ನೂ ಹಿಡಿಯುವುದಿಲ್ಲ, ಅಕ್ಷರವನ್ನು ಇನ್ನೆಲ್ಲಿ ಹಿಡಿದೀತು! ಆದರೆ ಅಂಗಡಿಯ ಬಾಗಿಲು ತೆಗೆದು ದೀಪ ಹಚ್ಚಿದ ಮೇಲೆ ಮೊದಲ ಗಿರಾಕಿ ಬರುವವರೆಗೆ ಸುಮಾರು ನಲವತ್ತು ನಿಮಿಷ ಸಿಗುತ್ತದೆ ಎಂದು ಆ ಬರಹದಿಂದಲೇ ತಿಳಿಯಿತು. ಅಷ್ಟು ವರ್ಷವೂ ಆ ಹೊತ್ತು ಅಲ್ಲೇ ಇತ್ತು. ನೀವೂ ಒಂದು ವಾರ ಹೀಗೆ ಬರೆದು ನೋಡಿ, ಆಮೇಲೆ ವೇಳಾಪಟ್ಟಿ ಮಾಡಿ.

ಗುರಿಯನ್ನು ಕೈಕೆಲಸವಾಗಿ ಬರೆಯಿರಿ

'ಎಸ್ಸೆಸ್ಸೆಲ್ಸಿ ಪಾಸು ಮಾಡಬೇಕು' ಎಂದು ಗೋಡೆಗೆ ಅಂಟಿಸಿದರೆ ಅದು ದಿನವೂ ನಿಮ್ಮನ್ನು ಹೆದರಿಸುತ್ತದೆ. ಈ ದಿನ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ನಾನು ಬರೆದುಕೊಂಡದ್ದು ಇಷ್ಟೇ: ಮೊದಲ ರವಿಕೆಗೆ ಕತ್ತರಿ ಹಾಕುವ ಮೊದಲು ಒಂದು ಲೆಕ್ಕ ಬಿಡಿಸುತ್ತೇನೆ. ಒಂದೇ ಒಂದು. ಹೆಚ್ಚು ಬಿಡಿಸಿದರೆ ಸಂತೋಷ, ಆದರೆ ದಿನದ ಬಾಕಿ ಒಂದಕ್ಕೇ ತೀರುತ್ತಿತ್ತು.

ಎರಡನೆಯ ವಾಕ್ಯ ಇನ್ನೂ ಹೆಚ್ಚು ಉಪಯೋಗಕ್ಕೆ ಬಂತು: ಕರೆಂಟ್ ಹೋದರೆ ಸಮಾಜ ವಿಜ್ಞಾನ. ಮಿಷನ್ನಿಗೆ ಮೋಟಾರ್ ಕೂರಿಸಿದ ಮೇಲೆ ಕರೆಂಟ್ ಹೋದಾಗಲೆಲ್ಲ ಬಾಗಿಲಲ್ಲಿ ನಿಂತು ಬೈಯುವುದು ನನ್ನ ಅಭ್ಯಾಸವಾಗಿತ್ತು. ಈಗ ಫ್ಯಾನ್ ನಿಂತ ಕೂಡಲೇ ಕೈ ತಾನಾಗಿ ಪುಸ್ತಕದ ಕಡೆಗೆ ಹೋಗತೊಡಗಿತು. ಬಿ.ಎಡ್. ಓದುತ್ತಿದ್ದ ಮಗಳು ಇದನ್ನು ನೋಡಿ, ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ಇದನ್ನೇ ಅಧ್ಯಯನ ಮಾಡಿದ್ದಾರೆ ಎಂದಳು. 'ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಂಡವರು, ಬರಿಯ ಆಸೆ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ಕೆಲಸ ಮುಗಿಸುತ್ತಾರಂತೆ. ನಿಮ್ಮ ದಿನದಲ್ಲಿ ಖಂಡಿತವಾಗಿ ಬಂದೇ ಬರುವ ಗಳಿಗೆ ಯಾವುದು? ಕುಕ್ಕರಿನ ಮೂರನೆಯ ಸೀಟಿಯೋ, ಮಗುವನ್ನು ಶಾಲಾ ವಾಹನ ಹತ್ತಿಸಿ ತಿರುಗುವ ಹೊತ್ತೋ? ಗುರಿಯ ಕೆಲಸವನ್ನು ಅದಕ್ಕೇ ಜೋಡಿಸಿ ಹೊಲಿಯಿರಿ.

ಇನ್ನು ಅಂಕಗಳ ಮಾತು. ಆಗಿನ ಒಟ್ಟು 625 ಎಂಬ ಸಂಖ್ಯೆಯೇ ಎದೆ ನಡುಗಿಸುತ್ತಿತ್ತು. ಅದನ್ನು ಬಿಡಿಸಿದರೆ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು. ಎಲ್ಲದರಲ್ಲೂ ಒಂದೇ ಎತ್ತರಕ್ಕೆ ಹಾರಬೇಕೆಂದು ನಾನು ಹೊರಡಲಿಲ್ಲ. ಕನ್ನಡದಲ್ಲಿ 100, ಇಂಗ್ಲಿಷಿನಲ್ಲಿ 45, ಗಣಿತದಲ್ಲಿ 40 ಎಂದು ಗೊತ್ತುಮಾಡಿಕೊಂಡೆ. ಕನ್ನಡದ ಗುರಿ ಸ್ವಲ್ಪ ದೊಡ್ಡದೇ ಆಗಿತ್ತು, ಬೇಕೆಂದೇ ಹಾಗೆ ಇಟ್ಟೆ. ಗಣಿತ ಕೈಕೊಟ್ಟ ದಿನ ಕನ್ನಡದ ಪದ್ಯ ನನ್ನನ್ನು ಎತ್ತಿ ನಿಲ್ಲಿಸುತ್ತಿತ್ತು.

ಗಣಿತದ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಅಂಬ್ರೆಲಾ ಫ್ರಾಕಿನ ಕೆಳಭಾಗ ಕತ್ತರಿಸುವಾಗ ಸೊಂಟದ ಸುತ್ತಳತೆಯನ್ನು ಆರರಿಂದ ಭಾಗಿಸಿ, ಬಂದಷ್ಟು ಇಂಚನ್ನು ಬಟ್ಟೆಯ ಮಡಿಕೆಯ ಮೂಲೆಯಿಂದ ಗುರುತು ಹಾಕಬೇಕೆಂದು ನನಗೆ ಹೊಲಿಗೆ ಕಲಿಸಿದವರು ಹೇಳಿಕೊಟ್ಟಿದ್ದರು. ಆರೇ ಏಕೆ ಎಂದು ನಾನು ಕೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲವೋ ಏನೋ. ಅಕ್ಟೋಬರಿನ ಒಂದು ಬೆಳಿಗ್ಗೆ ವೃತ್ತದ ಪರಿಧಿಯ ಸೂತ್ರ ಓದುತ್ತಿದ್ದೆ. ತ್ರಿಜ್ಯವನ್ನು ಎರಡು ಪೈನಿಂದ ಗುಣಿಸಬೇಕು. ಎರಡು ಪೈ ಎಂದರೆ 6.28. ಪೆನ್ನು ಕೆಳಗಿಟ್ಟು ಟೇಪು ತೆಗೆದೆ. ಸೊಂಟ 28 ಇಂಚು ಇದ್ದರೆ, 6.28ರಿಂದ ಭಾಗಿಸಿದಾಗ ಬರುವುದು ನಾಲ್ಕೂವರೆಗೆ ಕೂದಲೆಳೆ ಕಡಿಮೆ. ಇಪ್ಪತ್ತು ವರ್ಷ ನಾನು ಪೈಯನ್ನೇ ಕತ್ತರಿಸುತ್ತಿದ್ದೆ! ಅಂದು ಒಂದಲ್ಲ, ಒಂಬತ್ತು ಲೆಕ್ಕ ಬಿಡಿಸಿದೆ. ಗಿರಾಕಿ ಬಂದದ್ದೂ ತಿಳಿಯಲಿಲ್ಲ. ಆದ್ದರಿಂದ ಹೇಳುತ್ತೇನೆ, ನೀವು ಕಲಿಯಹೊರಟದ್ದು ನಿಮ್ಮ ಕೈಗೆ ಈಗಾಗಲೇ ಗೊತ್ತಿರುವ ಯಾವುದನ್ನಾದರೂ ಮುಟ್ಟುತ್ತದೆಯೇ ಎಂದು ಹುಡುಕುತ್ತಲೇ ಇರಿ. ಎಷ್ಟು ಬಹುಮಾನ ಕಟ್ಟಿಕೊಂಡರೂ ಬಾರದ ಹುರುಪು ಆ ಒಂದು ಗಂಟಿನಿಂದ ಬರುತ್ತದೆ.

ಒಳಗೆ ಅರ್ಧ ಇಂಚು ಬಿಡಿ

ಒಳಗೆ ಹೆಚ್ಚು ಬಟ್ಟೆ ಬಿಡದೆ ಹೊಲಿದ ರವಿಕೆ ಮುಂದಿನ ಹಬ್ಬಕ್ಕೆ ಬಿಗಿಯಾಗುತ್ತದೆ, ಬಿಚ್ಚಿ ಸಡಿಲಿಸಲು ಏನೂ ಇರುವುದಿಲ್ಲ. ಗುರಿಗೂ ಇದೇ ನಿಯಮ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ, ಪರೀಕ್ಷೆ ಶುರುವಾದದ್ದು ಮಾರ್ಚ್ 31ಕ್ಕೆ. ಯುಗಾದಿಯ ಮುಂಚಿನ ಹತ್ತು ದಿನ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನವರಿಯಲ್ಲೇ ಕ್ಯಾಲೆಂಡರಿನಲ್ಲಿ ಆ ಹತ್ತು ದಿನಗಳಿಗೆ ಸುತ್ತು ಹಾಕಿ, ಅಷ್ಟು ದಿನ ಬೆಳಗಿನ ಒಂದು ಲೆಕ್ಕ ಮಾತ್ರ, ಬೇರೇನೂ ಇಲ್ಲ ಎಂದು ಬರೆದಿಟ್ಟೆ. ಮಾರ್ಚ್ ಹತ್ತರ ನಂತರ ಹೊಸ ಬಟ್ಟೆ ತೆಗೆದುಕೊಳ್ಳಲಿಲ್ಲ. ಇಬ್ಬರು ಹಳೆಯ ಗಿರಾಕಿಗಳು ಮುನಿಸಿಕೊಂಡರು, ಒಂದಿಷ್ಟು ಸಂಪಾದನೆ ಕೈತಪ್ಪಿತು. ಗುರಿ ಎಂದ ಮೇಲೆ ಏನನ್ನು ಬಿಡುತ್ತೀರಿ ಎಂಬುದನ್ನೂ ಮೊದಲೇ ಬರೆದುಕೊಳ್ಳಬೇಕು. ಇಲ್ಲವಾದರೆ ಆ ದಿನ ಬಂದಾಗ ಗುರಿಯನ್ನೇ ಬಿಡುತ್ತೇವೆ.

ಒಂದು ದಿನ ತಪ್ಪಿದರೆ ಎಲ್ಲವೂ ಕೆಟ್ಟಿತೆಂದು ಕೂರಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮಗಳು ಓದಿ ಹೇಳಿದಳು. ಹೊಸ ಅಭ್ಯಾಸ ಕೈಗೂಡಲು ಸರಾಸರಿ 66 ದಿನ ಬೇಕಾಯಿತಂತೆ. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲವಂತೆ. ಅತ್ತೆ ಆಸ್ಪತ್ರೆಯಲ್ಲಿದ್ದ ನಾಲ್ಕು ದಿನ ನಾನು ಪುಸ್ತಕ ಮುಟ್ಟಲಿಲ್ಲ. ಐದನೆಯ ದಿನ ಹಳೆಯ ಬಾಕಿಯನ್ನು ಸೇರಿಸಿಕೊಳ್ಳದೆ ಒಂದೇ ಲೆಕ್ಕದಿಂದ ಮತ್ತೆ ಶುರು ಮಾಡಿದೆ. ಬಾಕಿ ಕೂಡಿಸಬೇಡಿ, ದಯವಿಟ್ಟು. ಕೂಡಿಸಿದ ಬಾಕಿಯೇ ಎಷ್ಟೋ ಜನರನ್ನು ಹಿಂದಕ್ಕೆ ತಳ್ಳುತ್ತದೆ.

ಮುಂದೆ ಸಾಗುತ್ತಿದ್ದೇವೆ ಎಂಬುದು ಕಣ್ಣಿಗೆ ಕಾಣಬೇಕು. ನಾನು ಲೆಕ್ಕ ಬಿಡಿಸಿದ ಪ್ರತಿ ದಿನವೂ ಒಂಟಿಯಾಗಿ ಉಳಿದ ಗುಂಡಿಯೊಂದನ್ನು ಗಾಜಿನ ಬಾಟಲಿಗೆ ಹಾಕುತ್ತಿದ್ದೆ. ಯುಗಾದಿಯ ಹೊತ್ತಿಗೆ ಅದು ಕತ್ತಿನವರೆಗೆ ಬಂದಿತ್ತು. ಗುರಿಯ ವಿಷಯವನ್ನು ಊರಿಗೆಲ್ಲ ಹೇಳಲಿಲ್ಲ. ಹತ್ತನೆಯ ತರಗತಿಯಲ್ಲಿದ್ದ ಎದುರುಮನೆಯ ಹುಡುಗಿಗೆ ಮಾತ್ರ ಹೇಳಿದ್ದೆ. ಶನಿವಾರ ಬಂದು ನನ್ನ ಲೆಕ್ಕ ತಿದ್ದುತ್ತಿದ್ದಳು, ಅವಳ ಸಮವಸ್ತ್ರವನ್ನು ನಾನು ಹೊಲಿದುಕೊಡುತ್ತಿದ್ದೆ. ಹೊಗಳುವ ಹತ್ತು ಜನರಿಗಿಂತ ತಿದ್ದುವ ಒಬ್ಬರು ಇರುವುದು ಮೇಲು.

ಗಣಿತದಲ್ಲಿ ನನಗೆ 29 ಬಂತು. ಬೇಕಿದ್ದದ್ದು 35. ಉಳಿದದ್ದೆಲ್ಲ ಪಾಸಾಗಿತ್ತು, ಕನ್ನಡದಲ್ಲಿ 104. ಎರಡು ದಿನ ಅಳುತ್ತಲೇ ಇದ್ದೆ. ಮೂರನೆಯ ದಿನ ಪ್ರಶ್ನೆಪತ್ರಿಕೆಯನ್ನು ರವಿಕೆಯ ಹಾಗೆ ಬಿಚ್ಚಿ ನೋಡಿದೆ: ಎಲ್ಲಿ ಎಳೆದಿದೆ, ಎಲ್ಲಿ ಸಡಿಲವಾಗಿದೆ? ತ್ರಿಕೋನಮಿತಿ ನನ್ನ ತಲೆಗೆ ಹತ್ತಿರಲಿಲ್ಲ, ಆದರೂ ಅದಕ್ಕೇ ಹೆಚ್ಚು ಹೊತ್ತು ಕಳೆದಿದ್ದೆ. ಥೇಲ್ಸನ ಪ್ರಮೇಯದ ಸಾಧನೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಜೂನ್‌ನ ಪೂರಕ ಪರೀಕ್ಷೆಗೆ ಗುರಿಯನ್ನು ಬದಲಿಸಿದೆ: ತ್ರಿಕೋನಮಿತಿ ಬದಿಗಿರಲಿ, ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ವೃತ್ತ ಮತ್ತು ಪ್ರಮೇಯಗಳು, ಇಷ್ಟನ್ನೇ ಕಣ್ಣುಮುಚ್ಚಿ ಬರೆಯುವಷ್ಟು ಕಲಿಯುವುದು. ಸೋತಾಗ 'ನಾನು ದಡ್ಡಿ' ಎಂದು ಬರೆದುಕೊಳ್ಳಬೇಡಿ. ಯಾವ ಹೊಲಿಗೆ ಬಿಟ್ಟಿತು ಎಂದು ಬರೆದುಕೊಳ್ಳಿ.

ಜೂನ್‌ನಲ್ಲಿ 47 ಬಂತು. ತರಬೇತಿಯ ಆ ಅರ್ಜಿ ಅಷ್ಟರಲ್ಲಿ ಮುಗಿದುಹೋಗಿತ್ತು. ಮರುವರ್ಷ ಮತ್ತೆ ಕರೆದಾಗ ಹೋದೆ. ನಮೂನೆಯ ಆ ಸಾಲಿನ ಮುಂದೆ ದುಂಡಗಿನ ಅಕ್ಷರದಲ್ಲಿ ಎಸ್ಸೆಸ್ಸೆಲ್ಸಿ ಎಂದು ಬರೆದೆ. ಮನೆಗೆ ಬಂದು ಬಾಟಲಿಯ ಗುಂಡಿಗಳನ್ನೆಲ್ಲ ಡಬ್ಬಿಗೆ ಸುರಿದು, ಬಾಟಲಿ ತೊಳೆದು ಬಿಸಿಲಿಗಿಟ್ಟೆ.