ಮೂರು ಭಾಷೆಯ ಕೀಬೋರ್ಡಿಗೆ ಒಗ್ಗುವ ಆ್ಯಪ್ ಲಾಂಚರ್ ಆರಿಸುವುದು ಹೇಗೆ?

ಕಾಸರಗೋಡಿನ ಡಿಟಿಪಿ ಅಂಗಡಿಯಾಗಲಿ, ಸರಕಾರಿ ಸೇವೆಗಳ ಅಕ್ಷಯ ಕೇಂದ್ರವಾಗಲಿ, ಒಂದೇ ಕಂಪ್ಯೂಟರಿನಲ್ಲಿ ದಿನವಿಡೀ ಮೂರು ಭಾಷೆ ಓಡುತ್ತಿರುತ್ತದೆ. ಬ್ರಹ್ಮಕಲಶದ ಆಮಂತ್ರಣ ಕನ್ನಡದಲ್ಲಿ, ಪಂಚಾಯತಿನ ಅರ್ಜಿ ಮಲಯಾಳದಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ. ಎದುರಿಗೆ ಜನ ನಿಂತಿರುವಾಗ ಮೌಸ್ ಹಿಡಿದು ಮೆನು ತಡಕಾಡುವುದಕ್ಕಿಂತ ಎರಡು ಕೀ ಒತ್ತಿ, ಮೂರು ಅಕ್ಷರ ಹೊಡೆದು, ಎಂಟರ್ ಕೊಟ್ಟು ಬೇಕಾದ ಪ್ರೋಗ್ರಾಂ ತೆರೆಯುವುದು ಎಷ್ಟೋ ಸುಲಭ. ಈ ಕೆಲಸ ಮಾಡುವ ಸಾಫ್ಟ್‌ವೇರಿಗೆ ಲಾಂಚರ್ ಎನ್ನುತ್ತಾರೆ. ಇಂಥವು ಹತ್ತಾರಿವೆ. ಯಾವುದರಲ್ಲಿ ಸೌಲಭ್ಯ ಹೆಚ್ಚು ಎಂದು ನೋಡುವ ಮೊದಲು ನಮ್ಮವರು ಎರಡು ವಿಷಯ ನೋಡಬೇಕು: ಅದನ್ನು ಕರೆಯುವ ಕೀ ಬೇರೆ ಯಾವ ಕೆಲಸಕ್ಕೆ ಅಡ್ಡ ಬರುತ್ತದೆ, ಮತ್ತು ಕೀಬೋರ್ಡ್ ಕನ್ನಡದಲ್ಲಿ ಇರುವಾಗ ಅದು ಏನು ಮಾಡುತ್ತದೆ.

ಮೊದಲು ಕೀ

ಹೆಚ್ಚಿನ ಲಾಂಚರ್‌ಗಳು ಸ್ಪೇಸ್ ಬಾರನ್ನೇ ಕೇಳುತ್ತವೆ. ವಿಂಡೋಸ್‌ನ ಪವರ್‌ಟಾಯ್ಸ್ ರನ್ ಮತ್ತು ಫ್ಲೋ ಲಾಂಚರ್‌ಗೆ ಆಲ್ಟ್ + ಸ್ಪೇಸ್, ಲಿನಕ್ಸ್‌ನ ಯುಲಾಂಚರ್‌ಗೆ ಕಂಟ್ರೋಲ್ + ಸ್ಪೇಸ್. ಒಂದೇ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಇದರಿಂದ ತೊಂದರೆಯಿಲ್ಲ. ನಮಗೆ ಸ್ಪೇಸ್ ಬಾರಿನ ಸುತ್ತ ಜಾಗವೇ ಉಳಿದಿಲ್ಲ.

ವಿಂಡೋಸ್ + ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅದಕ್ಕೆ ಶಿಫ್ಟ್ ಸೇರಿಸಿದರೆ ಭಾಷೆಗಳ ಪಟ್ಟಿ ಹಿಂದಕ್ಕೆ ಸುತ್ತುತ್ತದೆ, ಕಂಟ್ರೋಲ್ ಸೇರಿಸಿದರೆ ಹಿಂದೆ ಬಳಸಿದ ಭಾಷೆ ಬರುತ್ತದೆ. ಕಂಟ್ರೋಲ್ + ಸ್ಪೇಸ್ ಎಕ್ಸೆಲ್‌ನಲ್ಲೂ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಇಡೀ ಕಾಲಂ ಆರಿಸುತ್ತದೆ. ವರ್ಡ್‌ನಲ್ಲಿ ಅಕ್ಷರಕ್ಕೆ ಕೊಟ್ಟ ಅಲಂಕಾರ ತೆಗೆಯುತ್ತದೆ, ಫೋಟೋಶಾಪ್‌ನಲ್ಲಿ ಜೂಮ್ ಮಾಡುತ್ತದೆ. ಆಲ್ಟ್ + ಸ್ಪೇಸ್ ಫೋಟೋಶಾಪ್‌ನಲ್ಲಿ ಜೂಮ್ ತಗ್ಗಿಸುವ ಕೀ. ಪರದೆಯ ಆಚೆ ಸರಿದು ಕಾಣೆಯಾದ ಕಿಟಕಿಯನ್ನು ಎಳೆದು ತರುವ ಮೆನು ತೆರೆಯುವುದೂ ವಿಂಡೋಸ್‌ನಲ್ಲಿ ಅದೇ ಕೀಯಿಂದ.

ಹಾಗಾದರೆ ಕಂಟ್ರೋಲ್ + ಆಲ್ಟ್ ಜತೆಗೆ ಒಂದು ಅಕ್ಷರ ಇಡೋಣವೇ? ಬೇಡ. ವಿಂಡೋಸ್‌ನಲ್ಲಿ ಕಂಟ್ರೋಲ್ + ಆಲ್ಟ್ ಎಂದರೆ ಬಲಗಡೆಯ ಆಲ್ಟ್ ಒತ್ತಿದ ಹಾಗೆ. ಭಾರತೀಯ ಭಾಷೆಗಳ ಲೇಔಟ್‌ಗಳಲ್ಲಿ ಕೆಲವು ಚಿಹ್ನೆಗಳು ಅದರಲ್ಲೇ ಕೂತಿರುತ್ತವೆ.

ನಮ್ಮ ಸಲಹೆ ಆಲ್ಟ್ + ಎಫ್2. ಭಾಷೆ ಬದಲಾದರೂ ಫಂಕ್ಷನ್ ಕೀಗಳು ಬದಲಾಗುವುದಿಲ್ಲ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಾದ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಮೂರರಲ್ಲೂ ಪ್ರೋಗ್ರಾಂ ಓಡಿಸುವ ಪೆಟ್ಟಿಗೆ ತೆರೆಯುವುದು ಇದೇ ಕೀಯಿಂದ. ಕೇರಳದ ಶಾಲೆಗಳಲ್ಲಿ ಇರುವ ಕೈಟ್ ಗ್ನೂ/ಲಿನಕ್ಸ್ ಕೂಡ ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ಆಧರಿಸಿದ್ದು. ಹಾಗಾಗಿ ಶಾಲೆಯಲ್ಲಿ ಕಲಿತ ಬೆರಳು ಮನೆಯ ವಿಂಡೋಸ್‌ನಲ್ಲೂ ಅದೇ ಜಾಗಕ್ಕೆ ಹೋಗುತ್ತದೆ. ಎಕ್ಸೆಲ್‌ನಲ್ಲಿ ಆಲ್ಟ್ + ಎಫ್2 ಎಂದರೆ ಸೇವ್ ಆ್ಯಸ್. ಆ ಕೆಲಸ ಎಫ್12 ಒಂದರಿಂದಲೇ ಆಗುವ ಕಾರಣ ಏನೂ ನಷ್ಟವಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಬೆರಳು ಎಫ್4ಕ್ಕೆ ಜಾರಿದರೆ ಕಿಟಕಿ ಮುಚ್ಚುತ್ತದೆ. ಸೇವ್ ಮಾಡಬೇಕೇ ಎಂಬ ಪ್ರಶ್ನೆ ಬಂದರೆ ಕ್ಯಾನ್ಸಲ್ ಒತ್ತಿ ಹಿಂದೆ ಬನ್ನಿ.

ಲ್ಯಾಪ್‌ಟಾಪ್‌ನಲ್ಲಿ ಎಫ್2 ಒತ್ತಿದರೆ ಬೆಳಕೋ ಶಬ್ದವೋ ಹೆಚ್ಚುಕಡಿಮೆ ಆಗುವುದುಂಟು. ಆಗ ಎಫ್‌ಎನ್ ಕೀಯನ್ನೂ ಜತೆಗೆ ಹಿಡಿಯಿರಿ. ಎಫ್‌ಎನ್ + ಎಸ್ಕೇಪ್ ಒಮ್ಮೆ ಒತ್ತಿದರೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಫಂಕ್ಷನ್ ಕೀಗಳು ಮೊದಲಿನ ಕೆಲಸಕ್ಕೆ ಮರಳುತ್ತವೆ.

ಕೀಬೋರ್ಡ್ ಕನ್ನಡದಲ್ಲಿದ್ದರೆ

ಲಾಂಚರ್ ಹಾಕಿಕೊಂಡವರು ಒಂದೇ ವಾರದಲ್ಲಿ ಬಿಟ್ಟುಬಿಡುವುದು ಹೆಚ್ಚಾಗಿ ಇಲ್ಲಿ ಎಡವಿ. ಇನ್‌ಸ್ಕ್ರಿಪ್ಟ್ ಲೇಔಟ್‌ನಲ್ಲಿ ಆಮಂತ್ರಣ ಟೈಪ್ ಮಾಡುತ್ತಿದ್ದೀರಿ. ನಡುವೆ ಲಿಬ್ರೆಆಫೀಸ್ ಬೇಕಾಗಿ ಲಾಂಚರ್ ಕರೆದು ಎಲ್, ಐ, ಬಿ ಒತ್ತಿದಿರಿ. ಪೆಟ್ಟಿಗೆಯಲ್ಲಿ ಬೀಳುವುದು ‘ತಗವ’. ರೈಟರ್ ಎಂದುಕೊಂಡು ಡಬ್ಲ್ಯೂ, ಆರ್, ಐ ಒತ್ತಿದರೆ ಇನ್ನೂ ವಿಚಿತ್ರ: ಐತ್ವದ ಗುರುತು, ದೀರ್ಘದ ಗುರುತು, ಕೊನೆಗೆ ಒಂದು ‘ಗ’. ಹುಡುಕಾಟದಲ್ಲಿ ಏನೂ ಸಿಗುವುದಿಲ್ಲ. ನುಡಿ, ಬರಹದಂಥ ತಂತ್ರಾಂಶದಲ್ಲಿ ಹಳೆಯ ಆ್ಯನ್ಸಿ ಟೈಪಿಂಗ್ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ಫಾಂಟ್ ತೊಡಿಸುವ ವಿಧಾನ) ಆನ್ ಆಗಿದ್ದರಂತೂ ಕನ್ನಡವೂ ಕಾಣುವುದಿಲ್ಲ. ಲಾಂಚರಿನ ಪೆಟ್ಟಿಗೆಗೆ ಆ ಫಾಂಟ್ ಗೊತ್ತಿಲ್ಲದ ಕಾರಣ ತಲೆಗೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅದನ್ನು ಆಫ್ ಮಾಡಿಯೇ ಲಾಂಚರ್ ಕರೆಯಬೇಕು, ಬೇರೆ ದಾರಿಯಿಲ್ಲ.

ಇನ್‌ಸ್ಕ್ರಿಪ್ಟ್‌ನಂಥ ಯೂನಿಕೋಡ್ ಲೇಔಟ್ ಬಳಸುವವರಿಗೆ ಒಳ್ಳೆಯ ಪರಿಹಾರವೇ ಉಂಟು. ಈ ಕಾರಣಕ್ಕಾಗಿಯೇ ವಿಂಡೋಸ್‌ನಲ್ಲಿ ನಾವು ಮೊದಲು ಹೇಳುವುದು ಫ್ಲೋ ಲಾಂಚರ್. ಅದರ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ‘ಆಲ್ವೇಸ್ ಸ್ಟಾರ್ಟ್ ಟೈಪಿಂಗ್ ಇನ್ ಇಂಗ್ಲಿಷ್ ಮೋಡ್’ ಎಂಬ ಸ್ವಿಚ್ ಇದೆ. ಅದನ್ನು ಆನ್ ಮಾಡಿದರೆ ಲಾಂಚರ್ ತೆರೆದಾಗ ಕೀಬೋರ್ಡ್ ತಾತ್ಕಾಲಿಕವಾಗಿ ಇಂಗ್ಲಿಷಿಗೆ ಹೋಗುತ್ತದೆ. ವಿಂಡೋಸ್‌ನ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಲೇಔಟ್ ಇರಲೇಬೇಕು. ಪಟ್ಟಿ ಚಿಕ್ಕದಿರಲಿ ಎಂದು ಅದನ್ನು ತೆಗೆದುಹಾಕಿದ್ದರೆ ಮತ್ತೆ ಸೇರಿಸಿ.

ಪವರ್‌ಟಾಯ್ಸ್ ರನ್ ಬಳಸುವುದಾದರೆ ವಿಂಡೋಸ್‌ನಲ್ಲೇ ಇರುವ ಸೌಲಭ್ಯ ಹಿಡಿಯಬೇಕು. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅದರಲ್ಲಿ ಟೈಪಿಂಗ್, ಅದರಲ್ಲಿ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ ಪ್ರತಿ ಆ್ಯಪ್ ಕಿಟಕಿಗೂ ಬೇರೆ ಬೇರೆ ಟೈಪಿಂಗ್ ವಿಧಾನ ಇಟ್ಟುಕೊಳ್ಳುವ ಆಯ್ಕೆಗೆ ಟಿಕ್ ಹಾಕಿ. ಬಳಿಕ ಲಾಂಚರ್ ತೆರೆದು, ಅದರ ಪೆಟ್ಟಿಗೆಯೊಳಗೆ ಇರುವಾಗಲೇ ಒಮ್ಮೆ ಇಂಗ್ಲಿಷಿಗೆ ಬದಲಿಸಿ.

ಉಬುಂಟುವಿನಲ್ಲಿಯೂ ಹೀಗೆಯೇ: ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸ್ ಬದಲಾವಣೆ ಎಂಬಲ್ಲಿ ‘ಪ್ರತಿ ಕಿಟಕಿಗೆ ಪ್ರತ್ಯೇಕ’ ಎಂಬುದನ್ನು ಆರಿಸಿ. ವಿಂಡೋಸ್ ಕೀ ಒತ್ತಿದಾಗ ಬರುವ ಹುಡುಕು ಪರದೆಯನ್ನೂ ಗ್ನೋಮ್ ಒಂದು ಪ್ರತ್ಯೇಕ ಕಿಟಕಿಯೆಂದೇ ಲೆಕ್ಕ ಹಿಡಿಯುತ್ತದೆ. ಅಲ್ಲಿ ಒಮ್ಮೆ ಇಂಗ್ಲಿಷ್ ಇಟ್ಟರೆ ರೈಟರ್‌ನಲ್ಲಿ ಕನ್ನಡ ಹಾಗೆಯೇ ಉಳಿಯುತ್ತದೆ.

ಲಿನಕ್ಸ್‌ನಲ್ಲಿ ಇನ್ನೊಂದು ದಾರಿ ಉಂಟು, ನಮಗೆ ಬಹಳ ಇಷ್ಟವಾದದ್ದು. ಯೂಸರ್ (usr), ಅದರೊಳಗೆ ಶೇರ್, ಅದರೊಳಗೆ ಅಪ್ಲಿಕೇಶನ್ಸ್ ಎಂಬ ಫೋಲ್ಡರಿನಲ್ಲಿ ಪ್ರತಿ ಪ್ರೋಗ್ರಾಮಿಗೂ ಡೆಸ್ಕ್‌ಟಾಪ್ ಎಂಬ ಬಾಲವಿರುವ ಒಂದು ಚಿಕ್ಕ ಫೈಲ್ ಇರುತ್ತದೆ. ಲಿಬ್ರೆಆಫೀಸ್ ರೈಟರಿನ ಫೈಲನ್ನು ಕಾಪಿ ಮಾಡಿ. ಹೋಮ್ ಫೋಲ್ಡರಿಗೆ ಬಂದು ಕಂಟ್ರೋಲ್ + ಎಚ್ ಒತ್ತಿದರೆ ಅಡಗಿರುವ ಫೋಲ್ಡರುಗಳು ಕಾಣುತ್ತವೆ. ಚುಕ್ಕೆ-ಲೋಕಲ್, ಅದರೊಳಗೆ ಶೇರ್, ಅದರೊಳಗೆ ಅಪ್ಲಿಕೇಶನ್ಸ್‌ನಲ್ಲಿ ಅದನ್ನು ಪೇಸ್ಟ್ ಮಾಡಿ. ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ‘ಕೀವರ್ಡ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ತಗವ;’ ಎಂದು ಸೇರಿಸಿ ಸೇವ್ ಮಾಡಿ. ಇನ್ನು ಕೀಬೋರ್ಡ್ ಕನ್ನಡದಲ್ಲಿದ್ದರೂ ಎಲ್, ಐ, ಬಿ ಒತ್ತಿದರೆ ರೈಟರ್ ಬರುತ್ತದೆ. ‘ಪತ್ರ;’ ‘ಆಮಂತ್ರಣ;’ ಎಂದು ನಿಮಗೆ ನೆನಪಿರುವ ಪದಗಳನ್ನೂ ಸೇರಿಸಬಹುದು. ಫೈಲಿನ ಹೆಸರು ಮಾತ್ರ ಬದಲಿಸಬೇಡಿ, ಬದಲಿಸಿದರೆ ಒಂದೇ ಪ್ರೋಗ್ರಾಂ ಎರಡು ಸಲ ಕಾಣುತ್ತದೆ. ಕಂಪ್ಯೂಟರಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿದ್ದರೆ, ಕೀವರ್ಡ್ಸ್ ಪಕ್ಕದಲ್ಲಿ ಕನ್ನಡದ ಸಂಕೇತವಿರುವ ಸಾಲು ಇದೆಯೇ ನೋಡಿ, ಇದ್ದರೆ ಅದರಲ್ಲಿ ಸೇರಿಸಿ. ಉಬುಂಟು 22.04ರ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್ ರೂಪದಲ್ಲಿ ಬರುವುದರಿಂದ ಅದರ ಫೈಲ್ ಈ ಫೋಲ್ಡರಿನಲ್ಲಿ ಸಿಗದು. ವಾರ್ (var), ಲಿಬ್, ಸ್ನ್ಯಾಪ್‌ಡಿ, ಡೆಸ್ಕ್‌ಟಾಪ್, ಅಪ್ಲಿಕೇಶನ್ಸ್ ಎಂಬ ಹಾದಿಯಲ್ಲಿ ನೋಡಿ.

ಹಾಕಿಕೊಳ್ಳುವುದು

ವಿಂಡೋಸ್ ಕೀ ಒತ್ತಿ ಟೈಪ್ ಮಾಡುವುದೂ ಒಂದು ಲಾಂಚರೇ. ದಿನಕ್ಕೆ ನಾಲ್ಕೈದು ಪ್ರೋಗ್ರಾಂ ಮಾತ್ರ ಬೇಕಾದವರಿಗೆ ಅದೂ ಬೇಡ: ಟಾಸ್ಕ್‌ಬಾರಿಗೆ ಪಿನ್ ಮಾಡಿ ವಿಂಡೋಸ್ + 1, ವಿಂಡೋಸ್ + 2 ಒತ್ತಿದರೆ ಕ್ರಮವಾಗಿ ತೆರೆಯುತ್ತವೆ. ಅಂಕಿ ಕೀ ಆದ ಕಾರಣ ಭಾಷೆಯ ತಕರಾರೂ ಇಲ್ಲ.

ಅದಕ್ಕಿಂತ ಹೆಚ್ಚು ಬೇಕಾದರೆ ಫ್ಲೋ ಅಥವಾ ಪವರ್‌ಟಾಯ್ಸ್. ಪವರ್‌ಟಾಯ್ಸ್ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಉಚಿತ. ತೆರೆದು, ಎಡಗಡೆಯಲ್ಲಿ ಪವರ್‌ಟಾಯ್ಸ್ ರನ್ ಆರಿಸಿ, ಆನ್ ಮಾಡಿ, ಆ್ಯಕ್ಟಿವೇಶನ್ ಶಾರ್ಟ್‌ಕಟ್ ಪಕ್ಕದ ಪೆನ್ಸಿಲ್ ಒತ್ತಿ, ಆಲ್ಟ್ + ಎಫ್2 ಕೊಟ್ಟು ಸೇವ್ ಮಾಡಿ. ಇದರ ಜತೆಗೆ ಇನ್ನೂ ಹತ್ತಾರು ಉಪಕರಣಗಳು ಬರುತ್ತವೆ. 4 ಜಿಬಿ ರ‍್ಯಾಮ್‌ನ ಯಂತ್ರವಾದರೆ ಬೇಡದ್ದನ್ನೆಲ್ಲ ಆಫ್ ಮಾಡಿ. ಹೊಸ ಆವೃತ್ತಿಗಳಲ್ಲಿ ಕಮಾಂಡ್ ಪ್ಯಾಲೆಟ್ ಎಂಬ ಎರಡನೆಯ ಲಾಂಚರೂ ಇದೆ, ಎರಡನ್ನೂ ಇಟ್ಟುಕೊಳ್ಳುವ ಅಗತ್ಯವಿಲ್ಲ. ಪವರ್‌ಟಾಯ್ಸ್ ರನ್ ಪೆಟ್ಟಿಗೆಯಲ್ಲಿ ಮೊದಲಿಗೆ = ಹಾಕಿದರೆ ಲೆಕ್ಕ ಮಾಡುತ್ತದೆ: = 350*1.18 ಎಂದರೆ 413 ಬರುತ್ತದೆ. < ಹಾಕಿದರೆ ತೆರೆದಿರುವ ಕಿಟಕಿಗಳಲ್ಲಿ ಹುಡುಕುತ್ತದೆ.

ಒತ್ತಿದರೂ ಲಾಂಚರ್ ಬರದಿದ್ದರೆ ಆ ಹೊತ್ತಿಗೆ ಎದುರಿಗಿರುವ ಕಿಟಕಿ ಯಾವುದೆಂದು ನೋಡಿ. ಅದು ಅಡ್ಮಿನಿಸ್ಟ್ರೇಟರ್ ಆಗಿ ತೆರೆದದ್ದಾದರೆ, ಸಾಧಾರಣ ಅನುಮತಿಯಲ್ಲಿ ಓಡುವ ಲಾಂಚರಿಗೆ ಕೀ ಒತ್ತಿದ್ದು ತಿಳಿಯದೆ ಹೋಗಬಹುದು. ಬೇರೆ ಕಿಟಕಿಗೆ ಹೋಗಿ ಒತ್ತಿದರೆ ಬರುತ್ತದೆ.

ಉಬುಂಟುವಿನಲ್ಲಿ ಯುಲಾಂಚರ್ ಹಾಕಿ, ಕೀ ಕೊಟ್ಟರೂ ಕೆಲಸ ಮಾಡದಿದ್ದರೆ ಕಾರಣ ಹೆಚ್ಚಾಗಿ ವೇಲ್ಯಾಂಡ್ ಎಂಬ, ಕಿಟಕಿಗಳನ್ನು ಪರದೆಗೆ ತರುವ ವ್ಯವಸ್ಥೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ವಿಂಡೋಯಿಂಗ್ ಸಿಸ್ಟಮ್ ಯಾವುದೆಂದು ಬರೆದಿರುತ್ತದೆ. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂ ತಾನಾಗಿ ಎಲ್ಲ ಕಿಟಕಿಗಳ ಕೀ ಒತ್ತನ್ನು ಹಿಡಿಯಲಾರದು. ಹಾಗಾಗಿ ಸೆಟ್ಟಿಂಗ್ಸ್‌ನ ಕೀಬೋರ್ಡ್ ಶಾರ್ಟ್‌ಕಟ್‌ಗಳಲ್ಲಿ ಕಸ್ಟಮ್ ಶಾರ್ಟ್‌ಕಟ್ ಮಾಡಿ, ಕಮಾಂಡ್ ಜಾಗದಲ್ಲಿ ಯುಲಾಂಚರ್, ಅಡ್ಡಗೆರೆ, ಟಾಗಲ್ ಎಂದು ಇಂಗ್ಲಿಷಿನಲ್ಲಿ ಜಾಗ ಬಿಡದೆ ಬರೆದು ಕೀ ಕೊಡಿ. ಗ್ನೋಮ್‌ನ ಸ್ವಂತ ಆಲ್ಟ್ + ಎಫ್2 ಪೆಟ್ಟಿಗೆ ಇದಕ್ಕೆ ಅಡ್ಡ ಬರುತ್ತದೆ. ಬದಲಿಸಲೇ ಎಂದು ಕೇಳಿದರೆ ಒಪ್ಪಿಕೊಳ್ಳಿ. ತೀರಾ ಹಳೆಯ ಯಂತ್ರದಲ್ಲಿ ಎಕ್ಸ್‌ಎಫ್‌ಸಿಇ ಇದ್ದರೆ ಹೊಸದೇನೂ ಹಾಕಬೇಡಿ, ಅದರ ಅಪ್ಲಿಕೇಶನ್ ಫೈಂಡರ್ ಸಾಕು. ಮ್ಯಾಕ್‌ನಲ್ಲಿ 2005ರಿಂದಲೂ ಸ್ಪಾಟ್‌ಲೈಟ್ ಉಂಟು, ಕಮಾಂಡ್ + ಸ್ಪೇಸ್.

ಫೈಲ್ ಹುಡುಕುವಾಗ

ಹೋದ ವರ್ಷದ ಆಮಂತ್ರಣ ಹುಡುಕಿ ತೆಗೆಯುವುದು ಡಿಟಿಪಿಯವರಿಗೆ ಪ್ರೋಗ್ರಾಂ ತೆರೆಯುವುದಕ್ಕಿಂತ ದೊಡ್ಡ ಕೆಲಸ. ವಿಂಡೋಸ್‌ನಲ್ಲಿ ಎವರಿಥಿಂಗ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಫ್ಲೋ ಲಾಂಚರಿನ ಎಕ್ಸ್‌ಪ್ಲೋರರ್ ಪ್ಲಗಿನ್‌ನಲ್ಲಿ ಹುಡುಕಾಟಕ್ಕೆ ಅದನ್ನೇ ಆರಿಸಿ. ವಿಂಡೋಸ್ ಸಾಮಾನ್ಯವಾಗಿ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕಿನ ಸೂಚಿಯನ್ನೇ ಎವರಿಥಿಂಗ್ ನೇರವಾಗಿ ಓದುವ ಕಾರಣ ಟೈಪ್ ಮಾಡುತ್ತಿದ್ದಂತೆ ಫೈಲ್ ಕಾಣುತ್ತದೆ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್‌ನಲ್ಲಿ ಅಂಥ ಸೂಚಿ ಇಲ್ಲ. ಅದನ್ನು ಎವರಿಥಿಂಗ್‌ನ ಫೋಲ್ಡರ್ ಪಟ್ಟಿಗೆ ನೀವೇ ಸೇರಿಸಬೇಕು.

ಫೈಲಿನ ಹೆಸರನ್ನು ಕನ್ನಡದಲ್ಲಿ ಇಟ್ಟರೆ ಇನ್ನೊಂದು ತೊಡಕು. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಟ್ ಮತ್ತು ವೇ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಹೆಸರಿಡುವಾಗ ಅದನ್ನು ಹಾಕಿ, ಹುಡುಕುವಾಗ ಬಿಟ್ಟರೆ ಫೈಲ್ ಸಿಗದು. ‘ಕೊ’ದ ಸ್ವರಚಿಹ್ನೆಯೂ ಹಾಗೆಯೇ: ಒಂದೇ ಸಂಕೇತವಾಗಿಯೂ ಬರಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಸೇರಿದ ಎರಡು ಸಂಕೇತವಾಗಿಯೂ ಬರಬಹುದು. ಪರದೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಹುಡುಕುವ ತಂತ್ರಾಂಶಕ್ಕೆ ಬೇರೆ ಬೇರೆ. ಆದ್ದರಿಂದ ಒಳಗಿನ ಬರಹ ಯಾವ ಭಾಷೆಯದ್ದೇ ಇರಲಿ, ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ವರ್ಷ, ಊರು, ಕೆಲಸ ಎಂಬ ಕ್ರಮದಲ್ಲಿ ಇಡಿ: 2025, ಕುಂಬಳೆ, ಮದುವೆ. ಲಾಂಚರಿನಲ್ಲಿ ‘2025 ಕುಂ’ ಎಂಬಷ್ಟನ್ನು ಇಂಗ್ಲಿಷಿನಲ್ಲಿ ಹೊಡೆದರೆ ಆ ವರ್ಷದ ಕುಂಬಳೆಯ ಕೆಲಸಗಳೆಲ್ಲ ಸಾಲಾಗಿ ಬರುತ್ತವೆ.