ಕಣ್ಣು ಕಾಣ್ತಿದೆ, ಆದ್ರೆ ಚಿಕ್ಕದಾಯ್ತಲ್ಲ?

ಪೊರೆ ಆಪರೇಷನ್ ಆಗಿ ಆರು ವಾರಕ್ಕೆ ಬಂದಿದ್ದ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆ ಇದು. ದೃಷ್ಟಿ 6/6 ಬಂದಿತ್ತು. ಲೆನ್ಸ್ ಸರಿಯಾಗಿ ಕೂತಿದೆ ಎಂದು ನಾನು ಖುಷಿಯಲ್ಲಿದ್ದೆ. ರೆಪ್ಪೆ ಕಡೆ ನೋಡಿಯೇ ಇರಲಿಲ್ಲ. ನೋಡಿದರೆ, ಹೌದು, ಮೇಲಿನ ರೆಪ್ಪೆ ಇಳಿದಿದೆ.

ಮೊದಲೂ ಹೀಗೇ ಇತ್ತಾ? ಫೈಲ್ ತಿರುವಿದೆ. ರೆಪ್ಪೆ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಕೊನೆಗೆ ಅವರ ಮಗಳ ಫೋನಿನಲ್ಲಿದ್ದ ಹಳೇ ಫೋಟೋ ದೊಡ್ಡದು ಮಾಡಿ ನೋಡಿದೆವು. ಆ ಕಣ್ಣು ಆಗಲೇ ಸ್ವಲ್ಪ ಇಳಿದಿತ್ತು, ಈಗ ಜಾಸ್ತಿಯಾಗಿದೆ. ತಪ್ಪು ಪೂರ್ತಿ ವಯಸ್ಸಿನದ್ದೂ ಅಲ್ಲ, ಪೂರ್ತಿ ನನ್ನದೂ ಅಲ್ಲ.

ಅವತ್ತಿನಿಂದ ಆಪರೇಷನ್‌ಗೆ ಮುಂಚೆಯೇ ಅಳೆಯುತ್ತೇನೆ. ಒಂದು ಟಾರ್ಚ್, ಒಂದು ಸ್ಕೇಲ್ ಸಾಕು. ಹಣೆ ಸಡಿಲ ಬಿಟ್ಟು ನೇರ ನೋಡಿ ಎನ್ನುತ್ತೇನೆ. ಕರಿಗುಡ್ಡೆ ಮೇಲೆ ಟಾರ್ಚಿನ ಬೆಳಕಿನ ಚುಕ್ಕೆ ಕಾಣುತ್ತಲ್ಲ, ಅಲ್ಲಿಂದ ಮೇಲಿನ ರೆಪ್ಪೆ ಅಂಚಿಗೆ ಎಷ್ಟು ಮಿಲಿಮೀಟರ್? ಸಾಮಾನ್ಯವಾಗಿ 4ರಿಂದ 5 ಇರುತ್ತದೆ. ಅವತ್ತು ಅಜ್ಜಿಗೆ ಇಳಿಯದ ಕಣ್ಣಲ್ಲಿ 4, ಇಳಿದ ಕಣ್ಣಲ್ಲಿ 2. ಆಮೇಲೆ ಹುಬ್ಬನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಪೂರ್ತಿ ಕೆಳಗೆ ನೋಡಿ, ಈಗ ಮೇಲೆ ನೋಡಿ ಎಂದೆ. ಒತ್ತದಿದ್ದರೆ ಹಣೆ ಸಹಾಯಕ್ಕೆ ಬಂದು ನಮಗೆ ಮೋಸ ಮಾಡುತ್ತದೆ. ರೆಪ್ಪೆ 14 ಮಿಲಿಮೀಟರ್ ಓಡಾಡಿತು. ರೆಪ್ಪೆಯ ಮಡಿಕೆ ಮಾತ್ರ ಇನ್ನೊಂದು ಕಣ್ಣಿಗಿಂತ ಮೇಲೆ ಹೋಗಿತ್ತು. ಅಂದರೆ ಎತ್ತುವ ಸ್ನಾಯುವಿಗೆ ಬಲವಿದೆ, ಅದನ್ನು ರೆಪ್ಪೆಗೆ ಕಟ್ಟಿಹಿಡಿದ ತೆಳು ಪಟ್ಟಿ ಹಿಗ್ಗಿ ಸಡಿಲವಾಗಿದೆ.

ಪಾಪೆಗಳ ಅಳತೆ ಸಮ ಇದೆಯಾ, ಎರಡೆರಡು ಕಾಣುತ್ತಾ, ಸಂಜೆ ಹೊತ್ತಿಗೆ ರೆಪ್ಪೆ ಜಾಸ್ತಿ ಇಳಿಯುತ್ತಾ ಎಂದೂ ಕೇಳಿ ನೋಡಿದೆ. ಇವುಗಳಲ್ಲಿ ಏನೇ ಎಡವಟ್ಟು ಕಂಡರೂ ಕಾಯುವ ಮಾತಿಲ್ಲ, ನರದ ತೊಂದರೆಯಾ ಎಂದು ತಕ್ಷಣ ನೋಡಬೇಕು. ಅಜ್ಜಿಗೆ ಅಂಥದ್ದೇನೂ ಇರಲಿಲ್ಲ.

ಕಣ್ಣು ತೆರೆದಿಡಲು ಹಾಕುವ ಸ್ಪೆಕ್ಯುಲಮ್ ಕ್ಲಿಪ್ಪಿನ ಮೇಲೆ ನನಗೆ ಮೊದಲ ಅನುಮಾನ. ಅದು ರೆಪ್ಪೆಯನ್ನು ಮೇಲಕ್ಕೆ ತಳ್ಳುತ್ತಿದ್ದರೆ, ಗಾಬರಿಯಾದವರು ಕಣ್ಣು ಗಟ್ಟಿ ಮುಚ್ಚಲು ನೋಡುತ್ತಾರೆ. ನಡುವೆ ಸಿಕ್ಕಿ ಎಳೆದಾಡಿಸಿಕೊಳ್ಳುವುದು ಅದೇ ತೆಳು ಪಟ್ಟಿ. ಮರಗಟ್ಟಿಸುವ ಇಂಜೆಕ್ಷನ್, ಬಾವು ಕೂಡ ಕಾರಣವಾಗಬಹುದು. ಈಗ ಸ್ಪೆಕ್ಯುಲಮ್ ಬೇಕಾದಷ್ಟೇ ತೆರೆಯುತ್ತೇನೆ. ಆಗುವವರಿಗೆ ಇಂಜೆಕ್ಷನ್ ಬದಲು ಡ್ರಾಪ್ಸ್ ಹಾಕಿಯೇ ಮಾಡುತ್ತೇನೆ. ಇಷ್ಟು ಮಾಡಿದರೂ ಒಬ್ಬೊಬ್ಬರಿಗೆ ಇಳಿಯುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಜ್ಜಿಗೆ ಆರು ತಿಂಗಳು ಕಾಯೋಣ ಎಂದೆ. ಬಾವಿನಿಂದ ಇಳಿದದ್ದಾದರೆ ಅಷ್ಟರಲ್ಲಿ ಮೇಲೇರುತ್ತದೆ, ಅವಸರಕ್ಕೆ ರೆಪ್ಪೆ ಕುಯ್ಯಬಾರದು. ಆರು ತಿಂಗಳಿಗೆ 2 ಇದ್ದದ್ದು 3 ಆಯಿತು. ಉಳಿದದ್ದಕ್ಕೆ ಸಣ್ಣ ಆಪರೇಷನ್ ಇದೆ, ಮಾಡಿಸ್ತೀರಾ ಎಂದು ಕೇಳಿದೆ.

"ಸುಮ್ನಿರಪ್ಪ, ಓದೋಕೆ ಅಡ್ಡ ಬರ್ತಿಲ್ಲ," ಎಂದರು. "ಇನ್ನೊಂದು ಕಣ್ಣಿನ ಪೊರೆ ಯಾವಾಗ ತೆಗೀತೀಯ?"

ಸ್ಕೇಲ್ ತೆಗೆದುಕೊಂಡೆ.